ಕೇಳಿಸುವಷ್ಟು ನಿಧಾನ

ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತೇವೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಯಾರಾದರೂ ಮುಖ ಸಿಂಡರಿಸಿಕೊಂಡರೆ ಅದು ಅವರ ಹಣೆಬರಹ. ನಮ್ಮಪ್ಪ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ. ಈಗ ನನ್ನ ತಮ್ಮ ಕೂಗುತ್ತಾನೆ. ನಾನು ಅದೇ ಮಾರುಕಟ್ಟೆಯ ಹಿಂಬಾಗಿಲ ಪಕ್ಕ ಈರುಳ್ಳಿ ಮಾರುತ್ತೇನೆ. ಲಾರಿಗಳ ಹಾರ್ನ್, ಕೈಗಾಡಿಗಳ ಗಡಗಡ, ಮೂಟೆ ಬೀಳುವ ಸದ್ದು, ಇವುಗಳ ನಡುವೆ ಹುಟ್ಟಿ ಬೆಳೆದವರಿಗೆ ಮೆಲುದನಿ ಎಲ್ಲಿಂದ ಬರಬೇಕು ಹೇಳಿ.

ತಮ್ಮನನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಮೈಕ್ ಎನ್ನುತ್ತಾರೆ. ಒಂದೇ ಉಸಿರಿಗೆ ಇಡೀ ರಾಶಿಯ ಬೆಲೆಯನ್ನು ನೆಲದಿಂದ ಮಾಳಿಗೆಗೆ ಏರಿಸುತ್ತಾನೆ, ನಡುವೆ ಉಸಿರು ತೆಗೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಇನ್ನು ಬೆಲೆ ಏರುವುದಿಲ್ಲ ಎನ್ನಿಸಿದಾಗ ಬಲಗೈ ಮೇಲೆತ್ತಿ ಮುಷ್ಟಿ ಹಿಡಿಯುತ್ತಾನೆ. ಆ ಕೈ ಮೇಲಿರುವಷ್ಟು ಹೊತ್ತು ಯಾರೂ ತುಟಿ ಬಿಚ್ಚುವಂತಿಲ್ಲ. ಕೊನೆಯ ಬೆಲೆ ಹೇಳಿದವನು ಮಾತ್ರ ತನ್ನ ಮಾತನ್ನು ಮತ್ತೊಮ್ಮೆ ಹೇಳಬೇಕು, ಉಳಿದವರು ಕೇಳಿಸಿಕೊಳ್ಳಬೇಕು. ಕೈ ಇಳಿದರೆ ವ್ಯಾಪಾರ ಮುಗಿಯಿತು. ಇದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಎಂಥ ಬಾಯಿಬಡುಕ ವ್ಯಾಪಾರಿಯೂ ಆ ಮುಷ್ಟಿ ಕಂಡರೆ ಗಪ್‌ಚುಪ್.

ತಮ್ಮನ ಒಬ್ಬಳೇ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಬಾಯಿ ತೆರೆದರೆ ಅರಳು ಹುರಿದ ಹಾಗೆ. ಮೈಕ್‌ಗೆ ಹುಟ್ಟಿದ್ದು ರೇಡಿಯೋ ಎಂದು ಮಾರುಕಟ್ಟೆಯವರು ಅವಳಿಗೂ ಹೆಸರಿಟ್ಟಿದ್ದರು. ಮಾತು ಎಷ್ಟೋ ಓಟವೂ ಅಷ್ಟೇ. ಸಣ್ಣ ಓಟಗಳಲ್ಲಿ ಅವಳನ್ನು ಲೆಕ್ಕಕ್ಕಿಡುವವರಿಲ್ಲ, ದೂರದ ಓಟದಲ್ಲಿ ಹಿಡಿಯುವವರಿಲ್ಲ.

ಈ ಸಂಸಾರದೊಳಗೆ ಬಂದು ಸೇರಿದವಳು ತಮ್ಮನ ಹೆಂಡತಿ. ನಾನು ಹೇಳಹೊರಟದ್ದು ಅವಳ ಕತೆ, ಆದರೆ ನೋಡಿ, ಇಲ್ಲೂ ಅವಳ ಸರದಿ ಎಲ್ಲರಿಗಿಂತ ಕೊನೆಗೇ ಬಂತು. ಆಸ್ಪತ್ರೆಯಲ್ಲಿ ಆಗತಾನೇ ಹುಟ್ಟಿದ ಕೂಸುಗಳ ವಾರ್ಡಿನ ನರ್ಸು ಅವಳು. ಊರೆಲ್ಲ ಸಿಸ್ಟರ್ ಎನ್ನುತ್ತದೆ, ನಾವೂ ಹಾಗೇ ಕರೆಯುತ್ತೇವೆ. ಮೆತ್ತನೆ ಅಡಿಯ ಚಪ್ಪಲಿ ಹಾಕಿ ಅಭ್ಯಾಸವಾಗಿ, ಮನೆಯಲ್ಲಿ ಬರಿಗಾಲಲ್ಲಿ ನಡೆದರೂ ಸದ್ದಾಗುವುದಿಲ್ಲ. ಬಾಗಿಲು ಹಾಕುವಾಗ ಚಿಲಕವನ್ನು ಬೆರಳಿಂದ ಹಿಡಿದು ಹಾಕುತ್ತಾಳೆ. ಯಾರನ್ನಾದರೂ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ, ಅದು ಕೂಸಾಗಲಿ, ಜ್ವರ ಬಂದ ನಾನಾಗಲಿ. ಮಾತಂತೂ ಎಷ್ಟು ಮೆಲ್ಲಗೆಂದರೆ, ಒಲೆಯ ಮೇಲೆ ನೀರು ಕುದಿಯುತ್ತಿದ್ದರೆ ಆ ಸದ್ದೇ ಗೆಲ್ಲುತ್ತದೆ. ಮೊದಮೊದಲು ಇವಳಿಗೆ ಜಂಬ ಅಂದುಕೊಂಡಿದ್ದೆ. ಆಮೇಲೆ ನಾಚಿಕೆ ಅಂದುಕೊಂಡೆ. ಅವಳು ಮಾತ್ರ ಏನೂ ಅಂದುಕೊಳ್ಳದೆ ನನ್ನ ತಟ್ಟೆಗೆ ಬಿಸಿಯಾಗಿ ಬಡಿಸುತ್ತಿದ್ದಳು. ನಾನು ಕೆಳಗಿನ ಮನೆ, ಅವರು ಮೇಲಿನ ಮನೆ, ಊಟ ಮಾತ್ರ ಮೇಲೆ ಒಟ್ಟಿಗೆ.

ಹಿಂದಿನ ವರ್ಷ ರೇಡಿಯೋ ಚಳಿಗಾಲವೆಲ್ಲ ಹುಚ್ಚು ಕುದುರೆಯ ಹಾಗೆ ಓಡಿದ್ದಳು. ಯಾರು ಹೇಳಿದರೂ ಕೇಳಲಿಲ್ಲ, ಹೇಳುವವರೂ ಇರಲಿಲ್ಲ ಅನ್ನಿ. ಚಳಿ ಮುಗಿಯುವ ಹೊತ್ತಿಗೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ವರ್ಷದ ದೊಡ್ಡ ಓಟವನ್ನು ಅವಳು ಬೆಂಚಿನ ಮೇಲೆ ಕಾಲು ಚಾಚಿ ಕೂತು ನೋಡಿದಳು. ಅವತ್ತು ಅವಳ ಬಾಯಿಂದ ಒಂದು ಮಾತು ಬರಲಿಲ್ಲ. ಈ ವರ್ಷವೇ ಕೊನೆಯ ಅವಕಾಶ. ಆ ಓಟದಲ್ಲಿ ಮೊದಲ ಮೂವರೊಳಗೆ ಬಂದರೆ ಕ್ರೀಡಾ ಕಾಲೇಜಿನಲ್ಲಿ ಸೀಟು, ಇಲ್ಲದಿದ್ದರೆ ಇಲ್ಲ. ಮೂಳೆಯ ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು: ಅದೇ ಜಾಗ ಮತ್ತೆ ಬಿರಿದರೆ ಓಟ ಮರೆತುಬಿಡಿ.

ಹಾಗಾಗಿ ಚಳಿ ಶುರುವಾಗುವ ಮೊದಲೇ ಆಟದ ಮೇಷ್ಟ್ರು ನಮ್ಮ ಅಡುಗೆಮನೆಗೆ ಬಂದು ಕೂತರು. ಶಾಲೆಗೆ ಹೊಸಬರು, ಒಳ್ಳೆಯವರು, ಸ್ವಲ್ಪ ಬೊಜ್ಜಿದೆ. ದೂರದ ಓಟಕ್ಕೆ ಚಳಿಗಾಲದಲ್ಲಿ ಏನು ಮಾಡಬೇಕು ಎಂದು ಬಿಡಿಸಿ ಹೇಳಿದರು.

"ಚಳಿಗಾಲ ಅಂದ್ರೆ ತಳಪಾಯ ಹಾಕೋ ಕಾಲ. ಗೋಡೆ ಎಬ್ಬಿಸೋದು ಆಮೇಲೆ. ಈಗ ನಿಧಾನವಾಗಿ ಓಡ್ಬೇಕು, ತುಂಬಾ ನಿಧಾನ. ವಾರಕ್ಕೊಂದು ದಿನ ಉದ್ದದ ಓಟ, ಅದೂ ನಿಧಾನವೇ. ಒಂದಿನ ಪೂರ್ತಿ ರಜಾ. ದೂರ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡ್ತಾ ಹೋಗೋದು, ಮೂರು ವಾರ ಏರಿಸಿದ್ರೆ ಒಂದು ವಾರ ಇಳಿಸೋದು. ವೇಗದ ಮಾತು ಚಳಿ ಮುಗಿಯೋವರೆಗೂ ಬೇಡ."

"ನಿಧಾನ ಅಂದ್ರೆ ಎಷ್ಟು ನಿಧಾನ ಸಾರ್?" ಎಂದಳು ರೇಡಿಯೋ. ಆ ಪದವೇ ಅವಳಿಗೆ ಬೈಗುಳದ ಹಾಗೆ ಕೇಳಿಸಿತ್ತು.

"ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಓಡ್ತಾ ಓಡ್ತಾ ಆರಾಮಾಗಿ ಮಾತಾಡೋಕೆ ಆಗ್ಬೇಕು. ಮಾತು ತುಂಡಾಯ್ತು ಅಂದ್ರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ನಾನು ಪಕ್ಕದಲ್ಲಿ ಸೈಕಲ್ ಮೇಲೆ ಬರ್ತೀನಿ, ನೀನು ಮಾತಾಡ್ತಾ ಇರು."

ತಮ್ಮ ಮೇಜು ಗುದ್ದಿ ನಕ್ಕ. "ಅಯ್ಯೋ ಮೇಷ್ಟ್ರೇ, ಇವಳಿಗೆ ಮಾತಾಡು ಅಂತ ಹೇಳಿದವರು ಈ ಭೂಮಿ ಮೇಲೆ ನೀವೇ ಮೊದಲು!" ನಾನೂ ನಕ್ಕೆ, ರೇಡಿಯೋನೂ ನಕ್ಕಳು. ಒಲೆಯ ಹತ್ತಿರ ನಿಂತಿದ್ದ ಸಿಸ್ಟರ್ ಏನೋ ಅಂದಳು. ತುಟಿ ಅಲ್ಲಾಡಿದ್ದು ಕಂಡಿತು. ಅಷ್ಟರಲ್ಲಿ ತಮ್ಮ, ಮೇಷ್ಟ್ರಿಗೆ ಇನ್ನೊಂದು ಲೋಟ ಟೀ ಹಾಕು ಅಂತ ಕೂಗಿದ. ಅವಳು ಹಾಕಿದಳು.

ಚಳಿ ಬಂತು. ಮಾರುಕಟ್ಟೆಯ ಹಿಂದೆ ಕಾಲುವೆಯ ಪಕ್ಕ ಒಂದು ಮಣ್ಣಿನ ದಾರಿಯಿದೆ, ಕಾಲಿಗೆ ಮೆತ್ತಗೆ. ಬೆಳಿಗ್ಗೆ ನಾನು ಮೂಟೆ ಬಿಚ್ಚುವ ಹೊತ್ತಿಗೆ ಅವರಿಬ್ಬರೂ ಮಂಜಿನೊಳಗಿಂದ ಬರುತ್ತಿದ್ದರು. ಮೊದಲು ಮಾತು ಕೇಳಿಸುತ್ತಿತ್ತು, ಆಮೇಲೆ ಹುಡುಗಿ ಕಾಣುತ್ತಿದ್ದಳು. ಗಣಿತದ ಟೀಚರು, ಗೆಳತಿಯ ಅಕ್ಕನ ಮದುವೆ, ಬಸ್ಸಿನಲ್ಲಿ ಬೆಕ್ಕು ಹತ್ತಿದ್ದು, ಯಾವುದೂ ಬಿಡುತ್ತಿರಲಿಲ್ಲ. ಹಿಂದೆ ಮೇಷ್ಟ್ರು ಏದುಸಿರು ಬಿಡುತ್ತ ಪೆಡಲು ತುಳಿಯುತ್ತಿದ್ದರು. ಸೈಕಲ್ ಮೇಲಿದ್ದವರಿಗೆ ಏದುಸಿರು, ಓಡುವವಳಿಗೆ ಮಾತು! ಆಗಲೇ ಯಾರಾದರೂ ತಲೆ ಓಡಿಸಬೇಕಿತ್ತು. ಆದರೆ ಮೇಷ್ಟ್ರು ತಮ್ಮ ಬೊಜ್ಜನ್ನೇ ಬೈದುಕೊಂಡರು. "ಒಂದು ಮಾತೂ ತುಂಡಾಗಿಲ್ಲ ನೋಡಿ, ಪಕ್ಕಾ ನಿಧಾನ" ಎಂದು ನನ್ನ ಅಂಗಡಿ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ರೇಡಿಯೋ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಳು. ಅದೇ ಕಾಲು, ಅದೇ ಜಾಗ.

ಡಾಕ್ಟರು ಮೂಳೆಯ ಫೋಟೋ ತೆಗೆಸಿ ನೋಡಿದರು. ಬಿರುಕು ಬಿಟ್ಟಿರಲಿಲ್ಲ, ಬಿಡುವ ತಯಾರಿಯಲ್ಲಿತ್ತು. ಒಂದಷ್ಟು ವಾರ ಓಟವೇ ಬೇಡ, ಆಮೇಲೂ ಹೀಗೇ ಓಡಿದರೆ ನಾನು ಜವಾಬ್ದಾರನಲ್ಲ ಎಂದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಎಲ್ಲಾ ನಿಧಾನವೇ ಓಡಿಸಿದ್ದೀನಿ, ಹೇಗಾಯ್ತು ಅಂತ ಗೊತ್ತಾಗ್ತಿಲ್ಲ" ಎಂದು ಅದನ್ನೇ ಹೇಳಿದರು. ರೇಡಿಯೋ ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಅತ್ತೆ, ಹೇಳಿದ ಹಾಗೇ ಮಾಡಿದ್ನಲ್ಲ, ನಾನೇನು ತಪ್ಪು ಮಾಡ್ದೆ?" ನಾನು ಆ ಮೂಳೆಯನ್ನೂ ಡಾಕ್ಟರನ್ನೂ ಚಳಿಯನ್ನೂ ಸಾಲಾಗಿ ಬೈದೆ.

ಕಾಲು ವಾಸಿಯಾಯಿತು. ಮತ್ತೆ ಶುರು ಮಾಡುವ ದಿನ ಬಂದಾಗ ಮೇಷ್ಟ್ರಿಗೆ ಜ್ವರ. ತಮ್ಮನಿಗೆ ಹರಾಜು, ನನಗೆ ಅಂಗಡಿ. ಆಸ್ಪತ್ರೆಯಿಂದ ಆಗತಾನೇ ಬಂದಿದ್ದ ಸಿಸ್ಟರ್, ನಾನು ಹೋಗ್ತೀನಿ ಎಂದಳಂತೆ. ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು, ನನ್ನ ಹಳೇ ಸೈಕಲನ್ನು ತೆಗೆದುಕೊಂಡು ಮಗಳ ಪಕ್ಕ ಹೊರಟಳು. ಎಂದಿನಂತೆ ಮೊದಲು ಮಾತು ಕೇಳಿಸಿತು, ಆಮೇಲೆ ಮಗಳು ಬಂದಳು, ಅವಳ ಬೆನ್ನಿಗೇ ಸಿಸ್ಟರ್.

ಮನೆಗೆ ಬಂದಾಗ ಸಿಸ್ಟರ್ ಕೇಳಿದಳಂತೆ, "ಹಾಲೆಲ್ಲಿ?"

"ಯಾವ ಹಾಲು?"

"ಬರ್ತಾ ಮೂಲೆ ಅಂಗಡೀಲಿ ಹಾಲು ತಗೋ, ನನ್ನ ಹತ್ರ ಚಿಲ್ಲರೆ ಇಲ್ಲ ಅಂದೆ. ಸೇತುವೆ ಹತ್ರ ಒಂದ್ಸಲ, ಮರದ ಹತ್ರ ಒಂದ್ಸಲ."

"ಇಲ್ಲಮ್ಮಾ, ನೀನು ಹೇಳೇ ಇಲ್ಲ!"

"ನೀನು ಹೂಂ ಅಂದೆ. ಎರಡು ಸಲಾನೂ."

ಇನ್ನೊಬ್ಬ ತಾಯಿಯಾಗಿದ್ದರೆ ಇಷ್ಟಕ್ಕೆ ನಾಲ್ಕು ಬೈದು ಸುಮ್ಮನಾಗುತ್ತಿದ್ದಳು. ಇವಳು ಬೈಯಲಿಲ್ಲ, ಯೋಚನೆ ಮಾಡಿದಳು. ಜ್ವರ ಬಿಟ್ಟು ಮೇಷ್ಟ್ರು ಮನೆಗೆ ಬಂದ ದಿನ ಎಲ್ಲರೂ ಅಡುಗೆಮನೆಯಲ್ಲಿ ಸೇರಿ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದೆವು. ಸಿಸ್ಟರ್ ಕೈ ಒರೆಸಿಕೊಂಡು ಮೇಜಿನ ಪಕ್ಕ ಬಂದು ನಿಂತಳು. ಏನೂ ಅನ್ನಲಿಲ್ಲ, ನಿಂತೇ ಇದ್ದಳು. ಕೊನೆಗೆ ಮೇಷ್ಟ್ರೇ ಗಮನಿಸಿದರು.

"ಹೇಳಿ ಸಿಸ್ಟರ್."

"ನೀವು ಮೊದಲು ಬಂದ ದಿನವೇ ಹೇಳ್ದೆ, ಯಾರಿಗೂ ಕೇಳಿಸ್ಲಿಲ್ಲ. ಈ ಮನೆಯವರು ಎಷ್ಟು ಓಡಿದ್ರೂ ಮಾತಾಡ್ತಾರೆ. ಇವಳ ಅಪ್ಪ ಮೂಟೆ ಹೊತ್ಕೊಂಡು ಮೆಟ್ಟಿಲು ಹತ್ತುವಾಗ್ಲೂ ಬೆಲೆ ಕೂಗ್ತಾರೆ. ನಮ್ಮ ಅತ್ತಿಗೆ ಲಾರಿ ಹಿಂದೆ ಓಡ್ತಾ ಡ್ರೈವರಿಗೆ ಬೈತಾರೆ."

"ಅದು ಒಂದೇ ಸಲ" ಎಂದೆ ನಾನು.

"ಮಾತಾಡೋದು ಇವರಿಗೆ ರಕ್ತದಲ್ಲೇ ಇದೆ, ಅದಕ್ಕೆ ಉಸಿರೇ ಬೇಡ. ಕೇಳಿಸ್ಕೊಳ್ಳೋದು ಮಾತ್ರ ಕಷ್ಟ. ಅವಳು ಜೋರಾಗಿ ಓಡುವಾಗ ಮಾತಾಡ್ತಾಳೆ, ಆದ್ರೆ ನಾನು ಹೇಳಿದ್ದು ಒಳಗೆ ಹೋಗಲ್ಲ. ಪರೀಕ್ಷೆ ತಿರುಗಿಸಿ ಮೇಷ್ಟ್ರೇ. ನಾನು ಮಾತಾಡ್ತೀನಿ, ಅವಳು ಕೇಳ್ಲಿ."

ಸಿಸ್ಟರ್ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕರು. "ಅದಕ್ಕೇ ನಾನು ಸೈಕಲ್ ಮೇಲೆ ಸಾಯ್ತಿದ್ದೆ! ನನ್ನ ಬೊಜ್ಜಿಗೆ ಸುಮ್ನೆ ಕೆಟ್ಟ ಹೆಸರು." ಅವತ್ತೇ ಕೂತು ಉಳಿದ ಚಳಿಗಾಲದ ಯೋಜನೆಯನ್ನು ಹೊಸದಾಗಿ ಹಾಕಿದರು. ದೂರ ಕಡಿಮೆ, ರಜಾ ಜಾಸ್ತಿ. ಪ್ರತಿ ಓಟದಲ್ಲೂ ಪಕ್ಕದಲ್ಲಿ ಸಿಸ್ಟರ್, ಅವಳ ಡ್ಯೂಟಿ ನೋಡಿಕೊಂಡೇ ಓಟದ ವೇಳೆ. ಅವಳು ದಾರಿಯುದ್ದಕ್ಕೂ ಏನಾದರೊಂದು ಹೇಳಬೇಕು, ತನ್ನ ಮಾಮೂಲು ದನಿಯಲ್ಲೇ. ರೇಡಿಯೋ ಬಾಯಿ ಮುಚ್ಚಿ ಕೇಳಬೇಕು. ಸಂಜೆ ಊಟದ ಹೊತ್ತಿಗೆ ಕೇಳಿದ್ದನ್ನೆಲ್ಲ ಒಪ್ಪಿಸಬೇಕು. ಎಲ್ಲಾದರೂ ತಪ್ಪಿಹೋದರೆ ಅಲ್ಲಿ ವೇಗ ಜಾಸ್ತಿಯಾಗಿದೆ ಎಂದು ಲೆಕ್ಕ, ಮರುದಿನ ಇನ್ನೂ ನಿಧಾನ.

"ಬಾಯಿ ಮುಚ್ಕೊಂಡಾ?" ಎಂದಳು ರೇಡಿಯೋ. ಮೂಳೆ ಬಿರಿದಾಗಲೂ ಅವಳ ಮುಖ ಅಷ್ಟು ಬಾಡಿರಲಿಲ್ಲ.

ಮೊದಲ ವಾರ ಒಪ್ಪಿಸುವಾಗ ಬರೀ ತೂತು. ಶುರು ಗೊತ್ತು, ಕೊನೆ ಗೊತ್ತು, ನಡುವೆ ಏನಾಯಿತೋ ದೇವರೇ ಬಲ್ಲ. "ಒಬ್ಬ ಡಾಕ್ಟರ್ ಇದ್ರಂತೆ... ಆಮೇಲೆ ಏನೋ ಆಯ್ತು... ಎಲ್ಲರೂ ನಕ್ಕರಂತೆ." ಕೈಯಲ್ಲಿ ತುತ್ತು ಹಿಡಿದು ಕಾಯುತ್ತಿದ್ದ ತಮ್ಮ, "ಏನಾಯ್ತು ಅಂತ ಹೇಳೇ, ನಗೋದಾದ್ರೂ ನಗೋಣ" ಎಂದು ರೇಗಿದ. ಮರುದಿನ ಅವಳು ಇನ್ನೂ ನಿಧಾನವಾಗಿ ಓಡಿದಳು. ಕಾಲುವೆ ದಾರಿಯಲ್ಲಿ ವಾಕಿಂಗ್ ಹೋಗುವ ಮುದುಕರೊಬ್ಬರು ಅವಳನ್ನು ದಾಟಿ ಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಅವರು ಅವತ್ತೆಲ್ಲ ಬೀಗುತ್ತಿದ್ದರು.

ಬರಬರುತ್ತ ತೂತುಗಳು ಮುಚ್ಚಿದವು. ಸಂಜೆಯ ಊಟಕ್ಕೆ ನಮಗೆಲ್ಲ ಒಂದು ಕಾತರ ಬಂತು. ಸಿಸ್ಟರ್ ಬೆಳಿಗ್ಗೆ ಪಿಸುಗುಟ್ಟಿದ್ದನ್ನು ರೇಡಿಯೋ ಸಂಜೆ ಊರಿಗೆಲ್ಲ ಕೇಳುವ ಹಾಗೆ ಪ್ರಸಾರ ಮಾಡುತ್ತಿದ್ದಳು. ಹೆಸರಿಟ್ಟದ್ದು ಸಾರ್ಥಕವಾಯಿತು. ಸಿಸ್ಟರ್ ಚಿಕ್ಕವಳಿದ್ದಾಗ ಈಜು ಕಲಿಯಲು ಹೋಗಿ ಅಣ್ಣನ ಪ್ಯಾಂಟಿನ ಬೆಲ್ಟು ಹಿಡಿದು ಅವನನ್ನೂ ಮುಳುಗಿಸಿದ್ದು. ಅಂಗೈಯಲ್ಲಿ ಹಿಡಿಸುವಷ್ಟಿದ್ದ ಒಂದು ಕೂಸು ಈಗ ಲಾರಿ ಓಡಿಸುತ್ತ ನಮ್ಮ ಮಾರುಕಟ್ಟೆಗೇ ಬರುವುದು, ಅವನಿಗೆ ಇವಳ ಗುರುತಿಲ್ಲದಿರುವುದು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಯ ಗಲಾಟೆ ಕೇಳಿ ಜಗಳವಾಗುತ್ತಿದೆ ಎಂದು ಹೆದರಿ ಬಚ್ಚಲಲ್ಲಿ ಕೂತದ್ದು, ಆಮೇಲೆ ನೋಡಿದರೆ ನಾವು ಯಾವ ಬಣ್ಣದ ಪರದೆ ತರುವುದು ಎಂದು ಮಾತಾಡುತ್ತಿದ್ದದ್ದು. ಇಷ್ಟು ವರ್ಷ ಒಂದೇ ಒಲೆಯ ಅನ್ನ ತಿಂದಿದ್ದೇವೆ, ಇವು ಯಾವುವೂ ನಮಗೆ ಗೊತ್ತಿರಲಿಲ್ಲ. ಮಗಳು ಹೇಳುವಾಗ ಸಿಸ್ಟರ್ ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು, ಕಿವಿ ಮಾತ್ರ ಕೆಂಪಾಗುತ್ತಿತ್ತು.

ಒಂದು ಸಂಜೆ ರೇಡಿಯೋ ಎಂದಿನಂತೆ ಶುರು ಮಾಡಲಿಲ್ಲ. ತಟ್ಟೆಯನ್ನು ಆಚೆ ಸರಿಸಿದಳು.

"ಇವತ್ತು ಅಮ್ಮ ನಾನು ಹುಟ್ಟಿದ್ದು ಹೇಳಿದ್ಲು. ನಾನು ದಿನ ತುಂಬೋ ಮುಂಚೆ ಹುಟ್ಟಿದ್ನಂತೆ, ಅಳಲೇ ಇಲ್ವಂತೆ. ಗಾಜಿನ ಪೆಟ್ಟಿಗೇಲಿ ಇಟ್ಟಿದ್ರಂತೆ, ಅಮ್ಮನದೇ ವಾರ್ಡಲ್ಲಿ. ಅಮ್ಮ ಪಕ್ಕದ ರೂಮಲ್ಲಿ ಮಲಗಿ, ಬಾಗಿಲು ತೆಗೆದಿಡಿ ಅಂದಳಂತೆ. ಬೇರೆ ಮಕ್ಕಳೆಲ್ಲ ಅಳ್ತಿದ್ವಂತೆ. ಅದರಲ್ಲಿ ನಂದು ಯಾವುದು ಅಂತ ಕೇಳಿಸ್ಕೊಳ್ತಾ ಇದ್ಲಂತೆ. ನನ್ನ ದನಿ ಹೇಗಿರುತ್ತೆ ಅಂತ ಅವಳಿಗೆ ಗೊತ್ತೇ ಇಲ್ವಲ್ಲ ಅತ್ತೆ, ಆದ್ರೂ ಕಾಯ್ತಿದ್ಲಂತೆ. ಹೊರಗಡೆ ಅಪ್ಪ ಡಾಕ್ಟರ ಮೇಲೆ ಕೂಗಾಡ್ತಿದ್ರಂತೆ. ಅವರಿಗೆ ಸ್ವಲ್ಪ ಸುಮ್ನಿರೋಕೆ ಹೇಳಿ, ಕೂಸಿನ ದನಿ ಕೇಳಿಸಲ್ಲ ಅಂತ ಅಮ್ಮ ಹೇಳಿ ಕಳಿಸಿದ್ಲಂತೆ."

ಅಲ್ಲಿಗೆ ನಿಲ್ಲಿಸಿದಳು. "ಆಮೇಲೆ?" ಎಂದೆ.

"ಆಮೇಲಿಂದು ಗಾಳೀಲಿ ಕೇಳಿಸ್ಲಿಲ್ಲ. ಅದಕ್ಕೆ ನಾನೇ ನಿಧಾನ ಮಾಡ್ದೆ ಅತ್ತೆ. ಪೂರ್ತಿ ನಡೆದೇ ಬಿಟ್ಟೆ. ಬೆಕ್ಕಿನಮರಿ ಥರ ಒಂದು ದನಿ ಬಂತಂತೆ. ಅದು ನಂದೇ ಅಂದಳಂತೆ. ಹೋಗಿ ನೋಡಿದ್ರೆ ನಾನೇ."

ತಮ್ಮ ತುತ್ತನ್ನು ತಟ್ಟೆಗೆ ಹಾಕಿದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಸುಮ್ನಿರು ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲೇ."

"ಹೇಳಿದ್ರು" ಎಂದಳು ಸಿಸ್ಟರ್. "ನಿಮಗೆ ಕೇಳಿಸ್ಲಿಲ್ಲ."

ಅದರಲ್ಲಿ ದೂರಿರಲಿಲ್ಲ. ಹೇಳಿ, ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಆಮೇಲೆ ರೇಡಿಯೋಗೆ ನಿಧಾನವೆಂಬುದು ಬೈಗುಳವಾಗಿ ಉಳಿಯಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ವಿಚಿತ್ರವೊಂದನ್ನು ಕಂಡೆವು: ಅವಳು ಕತೆಯನ್ನು ಒಂದು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು, ಆದರೆ ಸಿಸ್ಟರ್ ಸೈಕಲ್ ಮೇಲೆ ಏದುಸಿರು ಬಿಡತೊಡಗಿದ್ದಳು. ಅದೇ ಕೇಳಿಸುವ ನಿಧಾನದಲ್ಲೇ ಹುಡುಗಿಯ ಕಾಲು ಮೊದಲಿಗಿಂತ ಬೇಗ ಹೋಗುತ್ತಿತ್ತು. "ಇದೇ ತಳಪಾಯ" ಎಂದರು ಮೇಷ್ಟ್ರು. ಆಮೇಲೆ ಸ್ವಲ್ಪ ಸ್ವಲ್ಪವೇ ವೇಗದ ಓಟ ಸೇರಿಸಿದರು. ಕಾಲು ನೋಯಲಿಲ್ಲ.

ಓಟದ ದಿನ ನಾವು ಮಾರುಕಟ್ಟೆಗೆ ರಜೆ ಹಾಕಿ ಹೋದೆವು. ನಾವೆಂದರೆ ಅರ್ಧ ಮಾರುಕಟ್ಟೆ: ಆಲೂಗಡ್ಡೆಯವರು, ಸೊಪ್ಪಿನವರು, ಮೂಟೆ ಹೊರುವವರು, ಜೊತೆಗೆ ಆ ವಾಕಿಂಗ್ ಮುದುಕರು. ಮೂರು ಸಾವಿರ ಮೀಟರು, ಮೈದಾನದ ಸುತ್ತ ಏಳೂವರೆ ಸುತ್ತು. ಮೇಷ್ಟ್ರು ರೇಡಿಯೋಗೆ ಒಂದೇ ಮಾತು ಹೇಳಿದ್ದರು: "ಮೊದಲು ಗುಂಪಿನ ಹಿಂದೆ ಇರು. ಯಾವಾಗ ಹೋಗ್ಬೇಕು ಅಂತ ಅಮ್ಮ ಹೇಳ್ತಾರೆ, ಅಲ್ಲೀವರೆಗೂ ಹೋಗ್ಬೇಡ." ಹುಡುಗಿಯ ಹಳೇ ರೋಗ ಅದು, ಯಾವಾಗಲೂ ಬೇಗ ನುಗ್ಗಿ ಕೊನೆಯಲ್ಲಿ ಸತ್ತುಹೋಗುವುದು. ಸಿಸ್ಟರ್ ತಿರುವಿನ ಬೇಲಿಯ ಹತ್ತಿರ ನಿಂತಳು, ನಾವೆಲ್ಲ ಅವಳ ಹಿಂದೆ.

ಶುರುವಾದದ್ದೇ ತಡ, ನಾವು ಗಂಟಲು ಹರಿದುಕೊಂಡೆವು. ರೇಡಿಯೋ ಹಿಂದೆಯೇ ಇದ್ದಳು. ಸುತ್ತು ಕಳೆದಂತೆ ನಮ್ಮವರಿಗೆ ತಡೆಯಲಾಗಲಿಲ್ಲ. "ಹೋಗೇ! ನುಗ್ಗೇ! ಏನ್ ಮಲಗಿದ್ಯಾ?" ಎಲ್ಲರಿಗಿಂತ ಜೋರು ನನ್ನದೇ ಇದ್ದಿರಬೇಕು. ಹುಡುಗಿಯ ಮುಖದಲ್ಲಿ ಗಲಿಬಿಲಿ ಕಂಡಿತು. ಮುಂದಿನ ಸುತ್ತಿನಲ್ಲಿ ನಮ್ಮೆದುರು ಬಂದಾಗ ಸಿಸ್ಟರ್ ಬೇಲಿಯ ಮೇಲೆ ಬಾಗಿ ಏನೋ ಅಂದಳು. ತುಟಿ ಅಲ್ಲಾಡಿತು ಅಷ್ಟೇ. ರೇಡಿಯೋ ಅವಳ ಕಡೆ ಕತ್ತು ತಿರುಗಿಸಿ ಹುಬ್ಬು ಗಂಟಿಕ್ಕಿದಳು, ಕೇಳಿಸಲಿಲ್ಲ ಅನ್ನುವ ಹಾಗೆ. ಮುಂದೆ ಮೂವರು ಗುಂಪು ಬಿಟ್ಟು ಕಿತ್ತುಕೊಂಡು ಹೋಗುತ್ತಿದ್ದರು. ಇವಳು ಹೋಗಲೋ ಬೇಡವೋ ಎಂದು ಅಲ್ಲೇ ತಡವರಿಸಿದಳು. ಇನ್ನು ಉಳಿದದ್ದು ಸ್ವಲ್ಪವೇ.

ತಮ್ಮನೂ ಅದನ್ನು ನೋಡಿದ್ದ. ಕೂಗುತ್ತಿದ್ದವನು ಬಾಯಿ ಮುಚ್ಚಿದ. ಹಿಂದಕ್ಕೆ, ನಮ್ಮ ಕಡೆ ತಿರುಗಿದ. ಬಲಗೈ ಮೇಲೆತ್ತಿ ಮುಷ್ಟಿ ಹಿಡಿದ.

ಅರ್ಧ ಮಾರುಕಟ್ಟೆ ಗಕ್ಕನೆ ನಿಂತುಹೋಯಿತು. ನನ್ನ ಬಾಯಲ್ಲಿದ್ದ ಕೂಗು ಬಾಯಲ್ಲೇ ಉಳಿಯಿತು. ಪಕ್ಕದಲ್ಲಿ ನಿಂತಿದ್ದ ಬೇರೆ ಊರಿನವರಿಗೆ ಏನೂ ಅರ್ಥವಾಗದಿದ್ದರೂ, ಇವರಿಗೇನಾಯಿತು ಎಂದು ಅವರೂ ತಣ್ಣಗಾದರು. ಮಣ್ಣಿನ ಮೇಲೆ ಓಡುವವರ ಹೆಜ್ಜೆ ಕೇಳಿಸಿತು. ರೇಡಿಯೋ ಆ ಸುತ್ತು ಮುಗಿಸಿ ಮತ್ತೆ ತಿರುವಿಗೆ ಬಂದಳು. ಸಿಸ್ಟರ್ ಅಡುಗೆಮನೆಯಲ್ಲಿ ಲೋಟ ಕೊಡು ಎನ್ನುವ ದನಿಯಲ್ಲಿ ಹೇಳಿದಳು:

"ಈಗ ಹೋಗಮ್ಮ."

ಹೋದಳು. ಅಯ್ಯೋ, ಹೇಗೆ ಹೋದಳು! ಗುಂಪನ್ನು ದಾಟಿದಳು, ಕಿತ್ತುಕೊಂಡು ಹೋಗಿದ್ದ ಮೂವರಲ್ಲಿ ಕೊನೆಯವಳನ್ನು ನೇರ ದಾರಿಯಲ್ಲಿ ಹಿಡಿದಳು, ಗೆರೆ ದಾಟುವಾಗ ಮೂರನೆಯವಳಾಗಿದ್ದಳು. ನಾನು ಅಳುತ್ತಿದ್ದೆ, ಆದರೆ ಸದ್ದಿಲ್ಲದೆ, ಯಾಕೆಂದರೆ ಆ ಕೈ ಇನ್ನೂ ಮೇಲೇ ಇತ್ತು. ಮೂಟೆ ಹೊರುವವರು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಕುಣಿಯುತ್ತಿದ್ದರು. ಆ ಕಡೆಯಿಂದ ರೇಡಿಯೋ ನಡೆಯುತ್ತ ನಮ್ಮ ಬೇಲಿಗೆ ಬಂದಳು, ಅಮ್ಮನ ಹೆಗಲಿಗೆ ಒರಗಿದಳು. ಸಿಸ್ಟರ್ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವಳ ಬೆನ್ನಿನ ಮೇಲಿಟ್ಟಳು.

"ಕೈ ಇಳಿಸೋ, ಸೀಟು ಸಿಕ್ತು, ಕೂಗೋಣ" ಎಂದೆ ನಾನು, ತಮ್ಮನ ಅಂಗಿ ಜಗ್ಗುತ್ತ.

ಅವನು ಕೈ ಇಳಿಸಲಿಲ್ಲ. ಕಣ್ಣು ಹೆಂಡತಿಯ ಮೇಲಿತ್ತು.

"ತಡಿ ಅಕ್ಕಾ" ಎಂದ ಮೆಲ್ಲಗೆ. "ಅವಳು ಇನ್ನೂ ಏನೋ ಹೇಳ್ತಿದ್ದಾಳೆ."